ಪುಡಿಯಲ್ಲಿ ಸಿಕ್ಕ ಸುಣ್ಣ

ನಮ್ಮ ಕಾರ್ಖಾನೆಯಲ್ಲಿ ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಒಂದು ಫಲಕ ಹಾಕಿದ್ದಾರೆ. ಒಳಗೆ ಕಾಲಿಡುವ ಮೊದಲು ಏನೇನು ಮಾಡಬೇಕೆಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ಉಂಗುರ, ಬಳೆ ತೆಗೆದಿಡಬೇಕು. ತಲೆಗೆ ಟೋಪಿ ಹಾಕಬೇಕು. ಚಪ್ಪಲಿ ಹೊರಗೆ ಬಿಡಬೇಕು. ನಾಲ್ಕನೆಯ ಸಾಲು: ಮುಖದ ಮೇಲಿನ ವಿಭೂತಿ, ಕುಂಕುಮ, ಚಂದನ, ಪೌಡರ್ ಎಲ್ಲವನ್ನೂ ತೊಳೆದುಕೊಂಡು ಬರಬೇಕು. ಆ ಸಾಲು ಬರೆದವಳು ನಾನು. ಅದರಲ್ಲಿ ತಪ್ಪೇನೂ ಇಲ್ಲ, ಇಂಥ ಕೆಲಸ ನಡೆಯುವ ಯಾವ ಜಾಗದಲ್ಲಾದರೂ ಇರಬೇಕಾದ ಸಾಲೇ ಅದು. ಆದರೆ ಯಾರ ಹಣೆ ನೋಡಿ ಅದನ್ನು ಬರೆದೆ ಎನ್ನುವುದು ನನಗೆ ಗೊತ್ತು. ದಿನಾ ಬೆಳಿಗ್ಗೆ ಅದರ ಕೆಳಗೇ ನಿಂತು ಟೋಪಿ ಹಾಕಿಕೊಳ್ಳುತ್ತೇನೆ, ತಲೆ ಎತ್ತಿ ಮಾತ್ರ ನೋಡುವುದಿಲ್ಲ.

ನಾವು ಮಾಡುವುದು ಪುಡಿ. ಚೆನ್ನೈಯ ಗಿಂಡಿ ಕೈಗಾರಿಕಾ ಎಸ್ಟೇಟಿನ ಒಂದು ಅಡ್ಡರಸ್ತೆಯಲ್ಲಿ, ನಟ್ಟು ಬೋಲ್ಟು ಮಾಡುವವರ ಮತ್ತು ರಟ್ಟಿನ ಪೆಟ್ಟಿಗೆ ಮಾಡುವವರ ನಡುವೆ ನಮ್ಮದೊಂದು ಶೆಡ್ಡು. ಯಂತ್ರಗಳ ಮೇಲೆ ಕೂರುವ ಸಣ್ಣ ಸಣ್ಣ ಡಿಸ್‌ಪ್ಲೇ ಪರದೆಗಳಲ್ಲಿ ಕೆಂಪು ಬೆಳಕು ಬರಬೇಕಾದರೆ ಅದರೊಳಗೆ ನಮ್ಮಂಥವರ ಪುಡಿ ಇರಬೇಕು. ಇಟ್ರಿಯಂ ಎಂಬ ಅಪರೂಪದ ಲೋಹದ ಆಕ್ಸೈಡಿನಲ್ಲಿ ಯುರೋಪಿಯಂ ಎಂಬ ಇನ್ನೊಂದನ್ನು ಚೂರೇ ಚೂರು ಸೇರಿಸಿ ಮಾಡಿದ್ದು. ಹಗಲು ಬೆಳಕಿನಲ್ಲಿ ನೋಡಿದರೆ ಬರೀ ಮೈದಾ ಹಿಟ್ಟು. ಅದನ್ನೇ ನೇರಳಾತೀತ ದೀಪದ ಕೆಳಗೆ ಹಿಡಿದರೆ ಬೊಗಸೆಯಷ್ಟು ಕೆಂಡ. ಎಷ್ಟು ವರ್ಷವಾದರೂ ಆ ಗಳಿಗೆ ನನಗೆ ಹಳತಾಗಿಲ್ಲ. ನಮ್ಮವ್ವನಿಗೆ ಮಾತ್ರ ಇದೆಲ್ಲ ತಮಾಷೆ. "ಎಂ.ಎಸ್ಸಿ. ಓದಿಸಿದ್ದು ಹಿಟ್ಟು ಜರಡಿ ಹಿಡಿಯಾಕೇನು? ಅದನ್ನ ಮನ್ಯಾಗ ಮಾಡಿದ್ರ ಚಪಾತಿಗಾದ್ರೂ ಆಕ್ಕಿತ್ತು" ಎನ್ನುತ್ತಾಳೆ. ನಮ್ಮದು ಗದಗಿನ ಕಡೆಯ ಮನೆತನ. ಅಪ್ಪ ಇಲ್ಲಿ ಬಟ್ಟೆ ವ್ಯಾಪಾರಕ್ಕೆ ಬಂದು ನೆಲೆಸಿದ್ದರಿಂದ ನಾನು ಹುಟ್ಟಿದ್ದೂ ಓದಿದ್ದೂ ಚೆನ್ನೈಯಲ್ಲೇ.

ಈ ಪುಡಿ ಮಾಡುವ ವಿಧಾನ ಬಾಯಲ್ಲಿ ಹೇಳುವುದಕ್ಕೆ ಬಹಳ ಸುಲಭ. ಲೋಹದ ಉಪ್ಪುಗಳನ್ನು ನೀರಿನಲ್ಲಿ ಕರಗಿಸಿ, ಅದಕ್ಕೆ ಯೂರಿಯಾ ಸೇರಿಸಿ, ಕುದಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಲ್ಲಿ ಶಾಖ ಹಿಡಿದು ನಿಲ್ಲಿಸಬೇಕು. ಒಂದು ಗಂಟೆ ಏನೂ ಆಗುವುದಿಲ್ಲ. ಆಮೇಲೆ ತಿಳಿನೀರು ಸ್ವಲ್ಪ ಮಸುಕಾಗುತ್ತದೆ, ನೋಡನೋಡುತ್ತ ಹಾಲಾಗುತ್ತದೆ. ಅವಸರ ಮಾಡದಿದ್ದರೆ ಕಣಗಳೆಲ್ಲ ಒಂದೇ ಅಳತೆ, ಒಂದೇ ದುಂಡು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಬುದಾಣಿ ಹರವಿದ ಹಾಗೆ ಕಾಣುತ್ತದೆ. ಅದನ್ನು ತಳಕ್ಕೆ ಕೂರಿಸಿ, ಮೇಲಿನ ನೀರು ಬಸಿದು, ಐದು ಸಲ ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಮೂಸೆಯಲ್ಲಿ ತುಂಬಿ ಫರ್ನೇಸಿನಲ್ಲಿ ಸಾವಿರ ಡಿಗ್ರಿಗೂ ಮೇಲೆ ಸುಡಬೇಕು. ಎಲ್ಲಾದರೂ ಒಂದು ಕಡೆ ಕಸ ಸೇರಿತೋ, ಅಷ್ಟೂ ದಿನದ ಕೆಲಸ ನೀರುಪಾಲು. ಕಬ್ಬಿಣ ಸೇರಿದರೆ ಬೆಳಕು ಸಾಯುತ್ತದೆ. ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ ಸೇರಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ, ಬೆಳಕೂ ಮಂಕಾಗುತ್ತದೆ.

ಇದನ್ನೆಲ್ಲ ಪುಸ್ತಕದಿಂದ ಓದಿಕೊಂಡು ಬಂದಿದ್ದೆ. ಕೈಯಿಂದ ಕಲಿಸಿದವರು ಫರ್ನೇಸ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು. ಅವರೂ ನಮ್ಮ ಕಡೆಯವರೇ, ರೋಣದ ಹತ್ತಿರದ ಹಳ್ಳಿ, ನಮ್ಮಂತೆಯೇ ಲಿಂಗ ಕಟ್ಟಿದ ಮನೆತನ. ಹಣೆಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದಂತೆ ಮೂರು ಬೆರಳಿನ ವಿಭೂತಿ. ಉಳಿದವರೆಲ್ಲ ಅವರನ್ನು ತಮಿಳಿನಲ್ಲಿ ಪೆರಿಯವರ್, ದೊಡ್ಡವರು, ಎಂದು ಕರೆಯುತ್ತಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ಮೊದಲ ದಿನ ನನ್ನ ಹೆಸರು ಕೇಳಿದ ಕೂಡಲೇ ಅವರಿಗೆ ನಮ್ಮ ಮನೆತನ ತಿಳಿದುಹೋಗಿತ್ತು. ಎಲ್ಲರೆದುರು ಎರಡೂ ಕೈ ಜೋಡಿಸಿ "ಶರಣ್ರೀ ತಂಗೆವ್ವಾ. ನಮ್ಮ ಹುಡುಗಿ ಬಂತಲ್ಲ, ಭಾಳ ಚಲೋ ಆತು" ಅಂದರು.

ನನಗೆ ನಾಚಿಕೆಯಾಯಿತು. ಖುಷಿಯ ನಾಚಿಕೆಯಲ್ಲ, ಮುಜುಗರ. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಆದದ್ದಕ್ಕೆಲ್ಲ ಅದೇ ಬೇರು.

ಕಾಕಾ ಎಂಟನೆಯ ತರಗತಿಗೆ ಶಾಲೆ ಬಿಟ್ಟವರು. ಪುಡಿಯ ವಿಷಯದಲ್ಲಿ ಅವರಿಗೆ ಗೊತ್ತಿದ್ದಷ್ಟು ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ತಂದೆ ತಾತಂದಿರು ಊರಿನಲ್ಲಿ ವಿಭೂತಿ ಗಟ್ಟಿ ಮಾಡುತ್ತಿದ್ದವರು. ಆಕಳ ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿ ಬಿಟ್ಟು ಕೂರಿಸಿ, ಮತ್ತೆ ತೊಳೆದು, ಗಟ್ಟಿ ಕಟ್ಟಿ ಮತ್ತೆ ಸುಡುವುದು. ನಮ್ಮ ಕೆಲಸ ನೋಡಿದ ಮೊದಲ ವಾರವೇ ಅವರು "ಇದು ನಮ್ಮಪ್ಪ ಮಾಡೂದ ಐತಲ್ಲ" ಅಂದಿದ್ದರಂತೆ. ಕದಡಿದ ಪುಡಿ ತಳ ಸೇರುವ ವೇಗ ನೋಡಿಯೇ ಕಣ ಸಣ್ಣದೋ ದಪ್ಪವೋ ಹೇಳುತ್ತಿದ್ದರು. ಮೂಸೆಯನ್ನು ಓರೆ ಮಾಡಿದಾಗ ಸುಟ್ಟ ಪುಡಿ ಜಾರುವ ರೀತಿ ನೋಡಿ "ಇದು ಮೈತುಂಬ ಬೆಂದೈತಿ" ಅಥವಾ "ಇನ್ನೂ ಹಸಿ ಐತಿ" ಎನ್ನುತ್ತಿದ್ದರು. ನಾನು ಅದನ್ನೇ ಯಂತ್ರದಲ್ಲಿ ಅಳೆದು ಅರ್ಧ ದಿನ ಕಳೆದು ಅದೇ ಉತ್ತರಕ್ಕೆ ಬರುತ್ತಿದ್ದೆ.

"ತಂಗಿ, ಶಾಖ ಏರಿಸಿ ಏರಿಸಿ ಅವಸರ ಮಾಡಬ್ಯಾಡ. ನೀರು ಕುದಿಬಾರದು, ಬರೇ ಕಾಯ್ಬೇಕು. ಕಾಯಾಕ ನಿನಗ ತಾಳ್ಮಿ ಇಲ್ಲ, ಅದಕ್ಕ ಹಾಲು ಗಡ್ಡಿ ಕಟ್ತೈತಿ" ಎಂದು ನಗುತ್ತಿದ್ದರು. ಅವರ ಮಾತು ಸರಿ ಇರುತ್ತಿತ್ತು. ಆದರೆ ಊಟದ ಹೊತ್ತಿನಲ್ಲಿ ನನ್ನ ಡಬ್ಬಿಗೆ ಜೋಳದ ರೊಟ್ಟಿಯ ಚೂರು, ಶೇಂಗಾ ಚಟ್ನಿ ಹಾಕುವುದು, ಎಲ್ಲರ ಮುಂದೆ ಕನ್ನಡದಲ್ಲಿ ಕರೆಯುವುದು ನನಗೆ ಹಿಡಿಸುತ್ತಿರಲಿಲ್ಲ. ಜೊತೆಯವರು "ಉಂಗ ಆಳು", ಎಂದರೆ ನಿಮ್ಮವರು, ಎಂದು ಕಣ್ಣು ಮಿಟುಕಿಸುತ್ತಿದ್ದರು. ಅವರು ಹೇಳಿಸಿಯೇ ನನಗೆ ಕೆಲಸ ಸಿಕ್ಕಿದ್ದು ಎಂದು ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಅದು ಸುಳ್ಳು. ಆ ಸುಳ್ಳನ್ನು ಅಳಿಸಬೇಕೆಂಬ ಹಟ ನನ್ನೊಳಗೆ ಬೆಳೆಯುತ್ತಲೇ ಇತ್ತು. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಬೇಕೆಂದೇ ತಮಿಳಿನಲ್ಲಿ ಉತ್ತರ ಕೊಡತೊಡಗಿದೆ. ಕಾಕಾ ಅದನ್ನು ಗಮನಿಸಿದರೋ ಇಲ್ಲವೋ, ಕನ್ನಡದಲ್ಲೇ ಮುಂದುವರಿಸಿದರು.

ಆ ವರ್ಷದ ಬೇಸಿಗೆಯಲ್ಲಿ ನೀರು ಕೈಕೊಟ್ಟಿತು. ಚೆನ್ನೈಯಲ್ಲಿರುವವರಿಗೆ ಇದು ಹೊಸದೇನಲ್ಲ. ಬೋರ್‌ವೆಲ್ಲಿನಲ್ಲಿ ಬರುವುದು ಉಪ್ಪು, ಲಾರಿ ನೀರು ಇವತ್ತು ಬರುತ್ತೇನೆಂದು ನಾಳಿದ್ದು ಬರುತ್ತದೆ. ನಾವು ಪುಡಿ ತೊಳೆಯಲು ಬಳಸುವುದು ಡಿ.ಐ. ನೀರು. ಇರುವ ಲವಣವನ್ನೆಲ್ಲ ರೆಸಿನ್ ತುಂಬಿದ ಕೊಳವೆಗಳಲ್ಲಿ ಹಿಡಿದು ತೆಗೆದ ನೀರು ಅದು. ಲಾರಿ ಬರದೆ ಆ ಯಂತ್ರ ನಿಂತಿತು. ಒಂದು ದೊಡ್ಡ ಬ್ಯಾಚಿಗೆ ಮೂರು ತೊಳೆತ ಆಗಿ ಇನ್ನೆರಡು ಬಾಕಿ ಇತ್ತು. ಹಾಗೆಯೇ ಬಿಟ್ಟರೆ ಕಣಗಳು ತಳದಲ್ಲಿ ಹೆಪ್ಪಾಗುತ್ತವೆ ಎಂಬ ಭಯ ನನಗೆ. ಕಾಕಾ ಆ ಎರಡು ದಿನ ರಜೆ ಹಾಕಿದ್ದರು. ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಎಗ್ಮೋರಿನ ಆಸ್ಪತ್ರೆಗೆ ಹೋಗಿದ್ದರು. ಅವರಿದ್ದಿದ್ದರೆ ಏನೆನ್ನುತ್ತಿದ್ದರೆಂದು ನನಗೆ ಗೊತ್ತು: ತಡಿ ತಂಗಿ, ಲಾರಿ ಬರಲಿ.

ನಾನು ತಡೆಯಲಿಲ್ಲ. ಊಟದ ಕೋಣೆಯಲ್ಲಿ ಕುಡಿಯುವ ನೀರಿನ ಕ್ಯಾನುಗಳು ಸಾಲಾಗಿ ನಿಂತಿದ್ದವು. ನೀಲಿ ಕ್ಯಾನು, ಮೇಲೆ ಶುದ್ಧೀಕರಿಸಿದ ನೀರು ಎಂದು ದಪ್ಪ ಅಕ್ಷರ. ಯಂತ್ರದಲ್ಲಿ ಸೋಸಿದ ನೀರು ತಾನೆ, ಇದರಲ್ಲಿ ಏನಿರುತ್ತದೆ ಎಂದುಕೊಂಡೆ. ಇಬ್ಬರು ಹೆಂಗಸರಿಂದ ಕ್ಯಾನು ಹೊರಿಸಿ, ಕೊನೆಯ ಎರಡು ತೊಳೆತ ಅದರಲ್ಲೇ ಮುಗಿಸಿದೆ. ರಿಜಿಸ್ಟರಿನಲ್ಲಿ ಆ ಎರಡಕ್ಕೂ ಅಭ್ಯಾಸದಂತೆ ಡಿ.ಐ. ನೀರು ಎಂದೇ ಬರೆದು ಸಹಿ ಹಾಕಿದೆ. ಮೋಸ ಮಾಡಬೇಕೆಂಬ ಯೋಚನೆ ಇರಲಿಲ್ಲ. ಕೈ ದಿನಾ ಬರೆಯುವುದನ್ನೇ ಬರೆಯಿತು, ನಾನು ಅದನ್ನು ತಿದ್ದಲಿಲ್ಲ, ಅಷ್ಟೇ.

ಕಾಕಾ ಮೂರನೆಯ ದಿನ ಬಂದು ಆ ಬ್ಯಾಚನ್ನು ಸುಟ್ಟರು. ಮೂಸೆ ಓರೆ ಮಾಡಿ ನೋಡಿ ಹುಬ್ಬು ಗಂಟಿಕ್ಕಿದರು. "ಯಾಕೋ ಇದರ ನಡಿಗಿ ಸರಿ ಇಲ್ಲ ತಂಗಿ. ಜಾರಾಕ ಒಲ್ಲದು" ಅಂದರು. ದೀಪದ ಕೆಳಗೆ ಹಿಡಿದರೆ ಕೆಂಪು ಇತ್ತು, ಆದರೆ ಮಂಕಾಗಿತ್ತು. ಮೈಕ್ರೋಸ್ಕೋಪಿನಲ್ಲಿ ಸಾಬುದಾಣಿ ಹೋಗಿ ಉಪ್ಪಿಟ್ಟಿನ ಮುದ್ದೆ ಬಂದಿತ್ತು. ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆವು. ವರದಿಯ ಮೊದಲ ಸಾಲಿನಲ್ಲೇ ಕ್ಯಾಲ್ಸಿಯಂ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚೆಂದು ಬಂತು. ಕೆಳಗಿನ ಸಾಲುಗಳನ್ನು ನಾನು ಆಗ ಓದಲಿಲ್ಲ.

ಮ್ಯಾನೇಜರು ಸಭೆ ಕರೆದರು. ಅವರು ಕೆಟ್ಟವರಲ್ಲ, ಆದರೆ ಕೊಳ್ಳುವವರಿಗೆ ಅವರೊಂದು ಕಾರಣ ಬರೆದು ಕಳಿಸಬೇಕಿತ್ತು. ಮೇಜಿನ ಸುತ್ತ ಏಳೆಂಟು ಜನ, ಕೊನೆಯಲ್ಲಿ ಕಾಕಾ. ಕಚ್ಚಾ ವಸ್ತು ಸರಿ ಇದೆ, ಪಾತ್ರೆ ಸರಿ ಇದೆ, ರಿಜಿಸ್ಟರಿನ ಪ್ರಕಾರ ನೀರೂ ಸರಿ ಇದೆ. ಹಾಗಾದರೆ ಸುಣ್ಣ ಎಲ್ಲಿಂದ ಬಂತು ಎಂದು ಮ್ಯಾನೇಜರು ಕೇಳಿದರು. ಒಬ್ಬ ನನ್ನ ಕಡೆ ನೋಡಿ, ಫರ್ನೇಸ್ ಕಡೆಯಿಂದ ಏನಾದರೂ ಇರಬಹುದೇ, ನೀವು ಹೇಳಲಾರಿರಿ ಬಿಡಿ, ಎಂದು ಅರೆನಗೆ ನಕ್ಕ. ನಿಮ್ಮವರನ್ನು ನೀವು ಬಿಟ್ಟುಕೊಡುತ್ತೀರಾ ಎಂಬ ಅರ್ಥದ ನಗೆ. ನನಗೆ ಮೈಯೆಲ್ಲ ಉರಿಯಿತು.

"ಹುಡುಕುವುದೇನಿದೆ ಸಾರ್. ಕಣ್ಣೆದುರಿಗೇ ಇದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ತಿರುಗಿ ಕಾಕಾನ ಹಣೆ ನೋಡಿದೆ. ಎಲ್ಲರೂ ಅಲ್ಲಿಗೇ ನೋಡಿದರು. ಫರ್ನೇಸಿನ ಮುಂದೆ ಬಗ್ಗಿದಾಗ ಬೆವರು ಇಳಿಯುತ್ತದೆ, ಬೆವರಿನ ಜೊತೆ ವಿಭೂತಿ ಇಳಿಯುತ್ತದೆ, ವಿಭೂತಿಯಲ್ಲಿ ಸುಣ್ಣ ಇದ್ದೇ ಇರುತ್ತದೆ ಎಂದು ಪಾಠ ಮಾಡುವವಳ ಹಾಗೆ ವಿವರಿಸಿದೆ. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಕಾಕಾನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಎಲ್ಲರೂ ಹಣೆ ನೋಡುತ್ತಿದ್ದರೆ ಯಾರಿಗೆ ತಿಳಿಯುವುದಿಲ್ಲ? ಪಕ್ಕದವರು ತಮಿಳಿನಲ್ಲಿ ಹೇಳಿದರು. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ, ಕೇಳಿದ್ದು ಸರಿಯೇ ಎಂದು ಖಾತ್ರಿ ಮಾಡಿಕೊಳ್ಳುವ ನೋಟ. ಆಮೇಲೆ ಮ್ಯಾನೇಜರ ಕಡೆ ತಿರುಗಿ, ಮೇಡಂ ಓದಿದವರು, ಅವರು ಹೇಳಿದರೆ ಇರಬಹುದು ಸಾರ್, ಎಂದು ತಮಿಳಿನಲ್ಲಿ ಹೇಳಿದರು. ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು.

ಅಲ್ಲಿಂದ ಮುಂದೆ ತಂಗಿ ಎಂದು ಕರೆಯಲೇ ಇಲ್ಲ. ಫರ್ನೇಸನ್ನು ಬೇರೆಯವರಿಗೆ ವಹಿಸಿ ಅವರನ್ನು ಪ್ಯಾಕಿಂಗಿಗೆ ಹಾಕಿದರು. ಡಬ್ಬಿಗೆ ಮುಚ್ಚಳ ಹಾಕಿ ಲೇಬಲ್ ಅಂಟಿಸುವ ಕೆಲಸ. ಪುಡಿಯನ್ನು ನಡಿಗೆಯಿಂದ ಗುರುತು ಹಿಡಿಯುತ್ತಿದ್ದ ಮನುಷ್ಯ ಮುಚ್ಚಿದ ಡಬ್ಬಿಗಳ ಮುಂದೆ ದಿನವೆಲ್ಲ ಕೂತರು. ಅಲ್ಲಿ ಹಣೆಯಲ್ಲಿ ಏನಿದ್ದರೂ ಯಾರಿಗೂ ತೊಂದರೆಯಿರಲಿಲ್ಲ, ಆದರೂ ಆ ಸಭೆಯ ಮರುವಾರ ನಾನು ಫಲಕಕ್ಕೆ ಸೇರಿಸಿದ ನಾಲ್ಕನೆಯ ಸಾಲು ಎಲ್ಲರಿಗೂ ಅನ್ವಯಿಸುತ್ತಿತ್ತಲ್ಲ. ದಿನಾ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಹಚ್ಚಿಕೊಂಡು ಬಂದ ವಿಭೂತಿಯನ್ನು ಅವರು ಗೇಟಿನ ಬಳಿಯ ನಲ್ಲಿಯಲ್ಲಿ ತೊಳೆಯುತ್ತಿದ್ದರು. ತೊಳೆಯುವುದಕ್ಕೆ ಮೊದಲು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಮ್ಮ ಮನೆಗಳಲ್ಲಿ ಬೋಳು ಹಣೆ ಎಂದರೆ ಎಷ್ಟು ದೊಡ್ಡ ಅವಮಾನ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆಮೇಲಿನ ಬ್ಯಾಚುಗಳು ಚೆನ್ನಾಗಿ ಬಂದವು. ಬರಲೇಬೇಕಲ್ಲ, ಲಾರಿ ಬಂದು ಡಿ.ಐ. ಯಂತ್ರ ಓಡತೊಡಗಿತ್ತು. ಎಲ್ಲರೂ ನನ್ನ ಬುದ್ಧಿಯನ್ನು ಹೊಗಳಿದರು. ಗುಣಮಟ್ಟದ ವಿಭಾಗಕ್ಕೆ ನನ್ನನ್ನೇ ಮುಖ್ಯಸ್ಥೆಯನ್ನಾಗಿ ಮಾಡಿದರು. ಹೊಸಬರಿಗೆ ಕೊಡುವ ತರಬೇತಿಯಲ್ಲಿ ಹಣೆಯ ವಿಭೂತಿಯಿಂದ ಹಾಳಾದ ಬ್ಯಾಚು ಎಂಬ ಒಂದು ಸ್ಲೈಡನ್ನೂ ನಾನೇ ಮಾಡಿ ಸೇರಿಸಿದೆ. ಹೆಸರು ಹಾಕಿರಲಿಲ್ಲ. ಅಲ್ಲಿ ಅಂಥ ವಿಭೂತಿ ಹಚ್ಚುತ್ತಿದ್ದವರು ಒಬ್ಬರೇ ಇದ್ದರು, ಹೆಸರು ಬೇಕಿರಲಿಲ್ಲ.

ನಿಜ ತಿಳಿದದ್ದು ಮರುವರ್ಷ. ಕಾಲೇಜಿನ ಒಂದಿಷ್ಟು ವಿದ್ಯಾರ್ಥಿಗಳು ಕಾರ್ಖಾನೆ ನೋಡಲು ಬಂದಿದ್ದರು. ನೀರಿನಲ್ಲಿ ಎಷ್ಟು ಲವಣವಿದೆಯೆಂದು ತೋರಿಸುವ ಮೀಟರನ್ನು ಒಂದೊಂದೇ ಲೋಟದಲ್ಲಿ ಅದ್ದಿ ತೋರಿಸುತ್ತಿದ್ದೆ. ಡಿ.ಐ. ನೀರಿನಲ್ಲಿ ಮುಳ್ಳು ಅಲುಗಲಿಲ್ಲ. ನಲ್ಲಿ ನೀರಿನಲ್ಲಿ ದೂರ ಹೋಯಿತು. ಒಬ್ಬಳು ತನ್ನ ಲೋಟದಲ್ಲಿದ್ದ ಕುಡಿಯುವ ನೀರನ್ನು ಚಾಚಿ, ಇದು ಕ್ಯಾನ್ ನೀರು ಮೇಡಂ, ಇದಕ್ಕೂ ನೋಡಿ ಅಂದಳು. ಇದು ಶುದ್ಧ ನೀರು, ಹೆಚ್ಚೇನೂ ಬರುವುದಿಲ್ಲ ಎನ್ನುತ್ತಲೇ ಅದ್ದಿದೆ. ಮುಳ್ಳು ಎದ್ದು ನಡೆಯಿತು. ವಿದ್ಯಾರ್ಥಿಗಳು ನಕ್ಕರು. ನಾನು ಊಟದ ಕೋಣೆಗೆ ಹೋಗಿ ಕ್ಯಾನನ್ನು ತಿರುಗಿಸಿದೆ. ದಪ್ಪ ಅಕ್ಷರದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ರುಚಿಗಾಗಿ ಖನಿಜಗಳನ್ನು ಸೇರಿಸಿದೆ ಎಂದಿತ್ತು. ಮೊದಲ ಹೆಸರೇ ಕ್ಯಾಲ್ಸಿಯಂ, ಅದರ ಪಕ್ಕ ಮೆಗ್ನೀಸಿಯಂ.

ಹಳೆಯ ವರದಿ ತೆಗೆದು ಕೆಳಗಿನ ಸಾಲುಗಳನ್ನು ಅವತ್ತು ಓದಿದೆ. ಕ್ಯಾಲ್ಸಿಯಂ ಜೊತೆ ಸ್ವಲ್ಪ ಮೆಗ್ನೀಸಿಯಂ, ಅಷ್ಟೇ. ಸಗಣಿಯ ಬೂದಿ ಬಿದ್ದಿದ್ದರೆ ಮರಳಿನ ಅಂಶ ಸಿಲಿಕಾ ತುಂಬಾ ಇರಬೇಕಿತ್ತು, ಪೊಟ್ಯಾಸಿಯಂ ಇರಬೇಕಿತ್ತು. ಎರಡೂ ಇರಲಿಲ್ಲ. ರಸಾಯನಶಾಸ್ತ್ರ ಓದಿದವಳು ಎರಡು ನಿಮಿಷ ಕೂತು ಓದಿದ್ದರೆ ಸಭೆಗೆ ಮೊದಲೇ ತಿಳಿಯುತ್ತಿತ್ತು. ಓದಲಿಲ್ಲ, ಏಕೆಂದರೆ ನನಗೆ ಬೇಕಾದ ಉತ್ತರ ಮೊದಲ ಸಾಲಿನಲ್ಲೇ ಸಿಕ್ಕಿತ್ತು. ವಿದ್ಯಾರ್ಥಿಗಳನ್ನು ಬೇರೆಯವರಿಗೆ ಒಪ್ಪಿಸಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತೆ. ಎದುರಿಗೇ ಆ ಫಲಕ.

ಕಾಕಾ ನಿವೃತ್ತಿಯಾಗಲು ಇನ್ನೂ ಹನ್ನೊಂದು ತಿಂಗಳಿತ್ತು. ಹನ್ನೊಂದು ತಿಂಗಳು! ಅಷ್ಟರಲ್ಲಿ ಯಾವತ್ತಾದರೂ ಮ್ಯಾನೇಜರ ಕೋಣೆಗೆ ಹೋಗಿ ಎರಡು ಮಾತು ಹೇಳಿದ್ದರೆ ಅವರು ಫರ್ನೇಸಿಗೆ ಮರಳುತ್ತಿದ್ದರು, ತಲೆ ಎತ್ತಿ ಹೊರಗೆ ಹೋಗುತ್ತಿದ್ದರು. ಸೋಮವಾರ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಸೋಮವಾರ ಯಾರೋ ತಪಾಸಣೆಗೆ ಬರುತ್ತಿದ್ದರು. ಮುಂದಿನ ವಾರ ಮ್ಯಾನೇಜರಿಗೆ ನೆಗಡಿ. ನೆವಗಳಿಗೇನು ಬರವೇ? ನಿಜವಾದ ಕಾರಣ ಆ ರಿಜಿಸ್ಟರು. ಸುಳ್ಳು ಬರೆದು ಸಹಿ ಹಾಕಿದವಳು ಗುಣಮಟ್ಟದ ಮುಖ್ಯಸ್ಥೆಯಾಗಿ ಹೇಗೆ ಇರುತ್ತಾಳೆ? ಕುರ್ಚಿ ಹೋದೀತು ಎಂದು ಹೆದರಿದೆ. ಅವರ ಹನ್ನೊಂದು ತಿಂಗಳಿಗಿಂತ ನನ್ನ ಕುರ್ಚಿ ದೊಡ್ಡದಾಯಿತು.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿದೆವು. ನಿಮ್ಮ ಭಾಷೆಯಲ್ಲೇ ಎರಡು ಮಾತಾಡಿ ಎಂದು ನನ್ನನ್ನು ಒತ್ತಾಯ ಮಾಡಿದರು. ಎದ್ದು ನಿಂತಾಗ ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡಿದ್ದೆ. ಬಾಯಿಂದ ಬಂದದ್ದು ಶ್ರದ್ಧೆ, ಅನುಭವ, ಮಾರ್ಗದರ್ಶನ ಎಂಬ ಮಾತುಗಳು. ಚಪ್ಪಾಳೆ ಬಿತ್ತು. ಕಾಕಾ ಕೈ ಜೋಡಿಸಿದರು. ಅವರ ಹಣೆ ಆವತ್ತೂ ಬೋಳಾಗಿತ್ತು. ಕಡೆಯ ದಿನ ಅಲ್ಲವೇ ಹಚ್ಚಿಕೊಳ್ಳಿ ಎಂದು ಹೇಳಬೇಕಾದವಳು ನಾನೇ, ಅದನ್ನೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಮಾಧವರಂನಲ್ಲಿ ಡೈರಿಯ ಹಿಂದಿನ ಕಾಲೊನಿ, ಎರಡು ಕೋಣೆಯ ಮನೆ. ಬಾಗಿಲು ತೆರೆದವರು ಅವರ ಹೆಂಡತಿ. "ಬರ್ರಿ, ಬರ್ರಿ, ಒಳಗ ಬರ್ರಿ" ಎಂದು ಚಾಪೆ ಹಾಸಿದರು. ಕಾಕಾ ಪೂಜೆ ಮುಗಿಸಿ ಹೊರಗೆ ಬಂದರು. ಹಣೆ ತುಂಬ ವಿಭೂತಿ. ಅದನ್ನು ನೋಡಿ ನನಗೆ ಅಳು ಬರುವ ಹಾಗಾಯಿತು. ಕಾಕಿ ಮಜ್ಜಿಗೆ ತರಲು ಒಳಗೆ ಹೋದ ಕೂಡಲೇ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಲಾರಿ ಬಾರದ್ದು, ಕ್ಯಾನು, ರಿಜಿಸ್ಟರು, ಮೀಟರು, ವರದಿಯ ಕೆಳಗಿನ ಸಾಲು. ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. "ನನ್ನ ಕ್ಷಮಿಸ್ರಿ ಕಾಕಾ" ಅಂದೆ. ಎಷ್ಟೋ ದಿನಗಳ ಮೇಲೆ ಅವರೊಡನೆ ಕನ್ನಡದಲ್ಲಿ ಮಾತಾಡಿದ್ದೆ.

ಬೈಯುತ್ತಾರೆಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಇದನ್ನ ನನಗ್ಯಾಕ ಹೇಳಾಕ ಬಂದ್ರಿ ಮೇಡಂ?" ಎಂದು ಕೇಳಿದರು. ಅವರ ಮನೆಯ ಚಾಪೆಯ ಮೇಲೆ ಕೂತಿದ್ದೆ, ಆದರೂ ಮೇಡಂ.

"ತಪ್ಪು ನಂದು ಕಾಕಾ, ಅದಕ್ಕ..."

"ನನ್ನ ಹಣಿಮ್ಯಾಲಿಂದು ಬಿದ್ದಿಲ್ಲ ಅಂತ ನನಗ ಅವತ್ತ ಗೊತ್ತಿತ್ತು. ತಿಳುವಳಿಕಿ ಬಂದಾಗಿಂದ ಹಚ್ಚೀನಿ, ಎಲ್ಲಿ ಬೀಳ್ತೈತಿ ಎಲ್ಲಿ ಬೀಳೂದಿಲ್ಲ ಅಂತ ನನಗ ತಿಳಿಯೂದಿಲ್ಲೇನು?" ಅವರ ದನಿ ಏರಲಿಲ್ಲ. "ಗೊತ್ತಿದ್ದವರಿಗೆ ಬಂದು ಹೇಳಿದ್ರ ಏನು ಬಂತು? ಅವತ್ತ ಅಲ್ಲಿ ಕೂತು ನಕ್ಕರಲ್ಲ, ಅವರಿಗೆ ಹೇಳ್ರಿ. ಹೇಳಿ ಆದಮ್ಯಾಲ ಇಲ್ಲಿಗೆ ಬರ್ರಿ."

ಕಾಕಿ ಮಜ್ಜಿಗೆ ತಂದರು. ಊಟ ಮಾಡಿಕೊಂಡು ಹೋಗಿ ಎಂದು ಬಲವಂತ ಮಾಡಿದರು. ನಾನು ಮಜ್ಜಿಗೆ ಕುಡಿದು ಎದ್ದೆ. ಬಸ್‌ಸ್ಟ್ಯಾಂಡಿನವರೆಗೂ ಕಾಕಾ ಜೊತೆಗೆ ಬಂದರು, ಯಾವ ಬಸ್ಸು ಎಂದು ತೋರಿಸಿದರು, ಜಾಗ ಸಿಕ್ಕಿತೇ ಎಂದು ಕಿಟಕಿಯಿಂದ ಕೇಳಿದರು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೊರಗಿಟ್ಟಿರಲಿಲ್ಲ.

ಮರುದಿನವೇ ಮ್ಯಾನೇಜರಿಗೆ ಹೇಳಿದೆ, ರಿಜಿಸ್ಟರು ಮುಂದಿಟ್ಟು. ಕುರ್ಚಿ ಹೋಗುತ್ತದೆಂದು ಗಟ್ಟಿ ಮನಸ್ಸು ಮಾಡಿಯೇ ಹೋಗಿದ್ದೆ. ಏನೂ ಹೋಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಫೈಲು ಎಂದೋ ಮುಚ್ಚಿದೆ, ಕೊಳ್ಳುವವರು ಕಾರಣ ಒಪ್ಪಿದ್ದಾರೆ, ಪೆರಿಯವರ್ ನಿವೃತ್ತರಾಗಿದ್ದಾರೆ, ಈಗ ಕೆದಕಿ ಯಾರಿಗೆ ಲಾಭ ಎಂದರು. ಎಲ್ಲರನ್ನೂ ಕರೆಯಿರಿ ಸಾರ್, ಅದೇ ಕೋಣೆಯಲ್ಲಿ ನಾನೇ ಹೇಳುತ್ತೇನೆ ಎಂದೆ. ಎಲ್ಲರೂ ಎಂದರೆ ಯಾರು, ಅರ್ಧ ಜನ ಬೇರೆ ಕಡೆ ಹೋಗಿದ್ದಾರೆ, ಬಿಡಿ ಎಂದರು. ಉಳಿದಿದ್ದ ನಾಲ್ವರನ್ನು ನಾನೇ ಒಬ್ಬೊಬ್ಬರನ್ನಾಗಿ ಹಿಡಿದು ಹೇಳಿದೆ. ಹೌದಾ ಮೇಡಂ, ಅಯ್ಯೋ ಪಾಪ ಎಂದು ತಲೆ ಆಡಿಸಿ ಕೆಲಸಕ್ಕೆ ಹೋದರು. ಒಬ್ಬನಿಗೆ ಆ ಸಭೆಯೇ ನೆನಪಿರಲಿಲ್ಲ, ಆದರೆ ವಿಭೂತಿಯ ಕಥೆ ಚೆನ್ನಾಗಿ ನೆನಪಿತ್ತು. ತರಬೇತಿಯಿಂದ ಆ ಸ್ಲೈಡನ್ನು ಅಳಿಸಿದೆ. ಅಷ್ಟೊತ್ತಿಗೆ ಅದನ್ನು ನೋಡಿದವರು ಎಷ್ಟೋ ಜನ ಆಗಿದ್ದರು.

ಕಳೆದ ತಿಂಗಳು ಮಧ್ಯಾಹ್ನ ಹೊಸದಾಗಿ ಸೇರಿದ ಒಬ್ಬಳು ಇಂಜಿನಿಯರ್ ನನ್ನ ಎದುರು ಊಟಕ್ಕೆ ಕೂತಳು. ಚುರುಕಿನ ಹುಡುಗಿ, ಮಾತು ನಿಲ್ಲುವುದಿಲ್ಲ. ಮೇಡಂ, ಹಿಂದೆ ಇಲ್ಲಿ ಒಬ್ಬ ಅಜ್ಜ ಇದ್ದರಂತೆ, ಫರ್ನೇಸಿಗೆ ದಿನಾ ಪೂಜೆ ಮಾಡಿ ವಿಭೂತಿ ಎರಚುತ್ತಿದ್ದರಂತೆ, ಒಂದಿಡೀ ಬ್ಯಾಚು ಹಾಳಾಯಿತಂತೆ, ನೀವೇ ಕಂಡುಹಿಡಿದಿರಂತೆ ಎಂದು ತಮಿಳಿನಲ್ಲಿ ಹೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಊಟ ಬಿಟ್ಟೆ. ಅವರು ಏನನ್ನೂ ಎರಚಲಿಲ್ಲ, ಹಾಳು ಮಾಡಿದವಳು ನಾನು, ಕುಡಿಯುವ ನೀರಿನಲ್ಲಿ ಪುಡಿ ತೊಳೆದು ರಿಜಿಸ್ಟರಿನಲ್ಲಿ ಸುಳ್ಳು ಬರೆದವಳು ನಾನು ಎಂದು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಅವಳು ಕೈಯಲ್ಲಿ ತುತ್ತು ಹಿಡಿದು ಕೇಳಿದಳು. ಅವಳ ಕಣ್ಣು ಮೆತ್ತಗಾಯಿತು.

"ನೀಂಗ ರೊಂಬ ನಲ್ಲವಂಗ ಮೇಡಂ" ಅಂದಳು. ನೀವು ಬಹಳ ಒಳ್ಳೆಯವರು, ವಯಸ್ಸಾದವರೊಬ್ಬರ ಮಾನ ಉಳಿಸಲು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ಳುತ್ತೀರಿ, ಈಗಿನ ಕಾಲದಲ್ಲಿ ಯಾರು ಹೀಗೆ ಮಾಡುತ್ತಾರೆ? ಇಲ್ಲ, ನಿಜವಾಗಿ ನಾನೇ ಎಂದು ಮತ್ತೆ ಹೇಳಿದೆ. ಅವಳು ಇನ್ನಷ್ಟು ಗೌರವದಿಂದ ತಲೆ ಆಡಿಸಿದಳು. ಆಮೇಲೆ ಕೇಳಿದರೆ ಸಂಜೆಯೊಳಗೆ ನನ್ನ ದೊಡ್ಡತನದ ಕಥೆ ಪ್ಯಾಕಿಂಗಿನವರೆಗೂ ಹೋಗಿತ್ತು.

ಮಾಧವರಂಗೆ ನಾನು ಇನ್ನೂ ಹೋಗಿಲ್ಲ. ಹೋದರೆ ಕಾಕಾ ಕೇಳುವುದು ಒಂದೇ ಮಾತು, ಹೇಳಿದಿರೇನು ಎಂದು. ಹೇಳಿದೆ. ಹೇಳಿದ್ದಕ್ಕೆ ಅವರ ಮೇಲಿನ ಕಳಂಕ ಹಾಗೇ ಉಳಿಯಿತು, ನಾನು ಒಳ್ಳೆಯವಳಾದೆ ಎಂದು ಅವರ ಮುಂದೆ ಯಾವ ಬಾಯಿಂದ ಹೇಳಲಿ?